ಕೋಲೆ ಬಸವನ ಹಾಗೆ ತಲೆಯಾಡಿಸುವ ಬಗ್ಗೆ

ಪ್ರೀತಿಯ ಪುಟ್ಟೀ,

ಶಿಕಾಗೋದ ಚಳಿ, ಅಡುಗೆ, ರೂಮ್‌ಮೇಟ್ ಎಲ್ಲ ಓದಿದೆ. ಅದಕ್ಕೆಲ್ಲ ನಿಮ್ಮಮ್ಮ ಉತ್ತರ ಬರೆಯುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ನೀನು ಕೊನೆಯಲ್ಲಿ ಬರೆದ ಸಾಲುಗಳು. "ಮ್ಯಾಥ್ಸ್ ಸೆಮಿನಾರ್‌ನಲ್ಲಿ ಹತ್ತು ನಿಮಿಷ ಆದ ಮೇಲೆ ಏನೂ ತಿಳಿಯಲ್ಲ ಅತ್ತೆ. ಎಲ್ಲರೂ ತಲೆಯಾಡಿಸುತ್ತಾರೆ, ನಾನೂ ಕೋಲೆ ಬಸವನ ಹಾಗೆ ಆಡಿಸುತ್ತೇನೆ. ಕೇಳಿದರೆ ನನ್ನ ಬಂಡವಾಳ ಬಯಲಾಗುತ್ತೆ."

ತಿಳಿಯದಿರುವುದು ಬಿಡು. ಒಬ್ಬರು ಮೂರು ವರ್ಷ ಗುದ್ದಾಡಿದ್ದನ್ನು ಒಂದು ಗಂಟೆಯಲ್ಲಿ ಹೇಳಿದರೆ ಯಾರಿಗೆ ತಾನೇ ಪೂರ್ತಿ ತಿಳಿಯುತ್ತದೆ? ಆ ತಲೆಯಾಡಿಸುವುದು ಇದೆಯಲ್ಲ, ನನಗೆ ಅದರದ್ದೇ ಭಯ.

1978ರಲ್ಲಿ ನಾನೂ ವಾರಕ್ಕೊಮ್ಮೆ ಅಂಥ ಕೋಣೆಯಲ್ಲಿ ಕೂರುತ್ತಿದ್ದೆ. ಒಂದು ಸಲ, ಮಾತಾಡುತ್ತಿದ್ದವರು ಬೋರ್ಡಿನ ಮೇಲೆ ಲಿಮಿಟ್ಟನ್ನು ಇಂಟೆಗ್ರಲ್ ಒಳಗೆ ಸಲೀಸಾಗಿ ತಳ್ಳಿಬಿಟ್ಟರು. ಹಾಗೆ ಸುಮ್ನೆ ತಳ್ಳುವಂತಿಲ್ಲ, ಎರಡರ ಕ್ರಮ ಬದಲಾದರೆ ಉತ್ತರವೇ ಬದಲಾಗಬಹುದು, ಕಾರಣ ಕೊಡಬೇಕು. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಬಾಯಿ ಬಿಡಲಿಲ್ಲ. ಅಲ್ಲಿ ನಾನೊಬ್ಬಳೇ ಹೆಂಗಸು. ಅದು ಕಾರಣವೋ ನೆಪವೋ ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರ ಅವರೇ ಬಂದು, "ಹೋದ ವಾರದ್ದು ಆ ಸಾಲಿನಲ್ಲೇ ಮುರಿದುಬಿತ್ತು, ಯಾರೂ ಹಿಡಿಯಲಿಲ್ಲವಲ್ಲ" ಅಂತ ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ರಿಸರ್ಚ್ ಯಾಕೆ ಬಿಟ್ಟೆ ಅಂತ ಮನೆಯಲ್ಲಿ ಒಂದು ಕಥೆ ಇದೆ, ನೀನೂ ಕೇಳಿದ್ದೀಯ. ಅದು ಸುಳ್ಳಲ್ಲ. ಆದರೆ ಆ ನಗು ಅದರಲ್ಲಿ ಬರುವುದಿಲ್ಲ.

ನಿನ್ನ ಯೂನಿವರ್ಸಿಟಿಯದೇ ಕಥೆ ನೋಡು. 2015ರ ನವೆಂಬರ್ 10ರಂದು ನಿಮ್ಮ ಪ್ರೊಫೆಸರ್ ಲಾಸ್ಲೊ ಬಾಬೈ ಅಲ್ಲಿನ ಸೆಮಿನಾರ್‌ನಲ್ಲಿ ಗ್ರಾಫ್ ಐಸೊಮಾರ್ಫಿಸಂ ಬಗ್ಗೆ ಮಾತಾಡಿದರು. ಚುಕ್ಕಿ ಗೆರೆಗಳ ಎರಡು ಚಿತ್ರ ಕೊಟ್ಟರೆ, ಅವು ಚುಕ್ಕಿಗಳ ಹೆಸರು ಬದಲಿಸಿದ ಒಂದೇ ಚಿತ್ರವೋ ಅಲ್ಲವೋ ಅಂತ ಬೇಗ ಹೇಳುವ ದಾರಿ. ಕೋಣೆ ಕಿಕ್ಕಿರಿದಿತ್ತು. ಘಟಾನುಘಟಿಗಳೆಲ್ಲ ಕೇಳಿದರು, ಓದಿದರು. ಆಮೇಲೆ, ಬೇರೆಯವರ ಹೊಸ ಕೆಲಸವನ್ನು ವಿವರಿಸುವ ಪ್ಯಾರಿಸ್ಸಿನ ಬೂರ್ಬಾಕಿ ಸೆಮಿನಾರ್‌ನಲ್ಲಿ ಅದನ್ನು ಹೇಳಬೇಕಾಗಿ ಬಂದ ಗಣಿತಜ್ಞ ಹೆಲ್ಫ್‌ಗಾಟ್ ಬಿಡಿಸಿ ಬಿಡಿಸಿ ನೋಡುತ್ತ ಕೂತಾಗ ತಪ್ಪು ಸಿಕ್ಕಿತು. ಹೇಳಿದಷ್ಟು ಬೇಗ ಲೆಕ್ಕ ಮುಗಿಯುತ್ತಿರಲಿಲ್ಲ. 2017ರ ಜನವರಿ 4ಕ್ಕೆ ಬಾಬೈ ತಾವೇ ಒಪ್ಪಿಕೊಂಡರು, 9ಕ್ಕೆ ಸರಿಪಡಿಸಿದ್ದೇನೆ ಅಂದರು. ಹದಿನಾಲ್ಕು ತಿಂಗಳು ದೊಡ್ಡ ದೊಡ್ಡ ತಲೆಗಳೂ ಆಡುತ್ತಿದ್ದವು, ಅಲ್ವಾ?

ಏನು ಮಾಡಬೇಕು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಎರಡನೇ ಸಾಲಿನಲ್ಲಿ ಕೂತುಕೋ. ಹಿಂದೆ ಕೂತರೆ ತಲೆ ತಾನಾಗೇ ಆಡುತ್ತದೆ. "ಮೂರೇ ಚುಕ್ಕಿ ಇದ್ದರೆ ಇದು ಏನಾಗುತ್ತೆ?" ಅಂತ ಕೇಳಬಹುದೇನೋ. ಅದೂ ಆಗದಿದ್ದರೆ ಟೀ ಹೊತ್ತಿಗೆ ಕೇಳು. ನಿಮ್ಮಲ್ಲಿ ರೀತಿ ಬೇರೆ ಇದ್ದರೆ ಇದನ್ನೆಲ್ಲ ಬಿಟ್ಟುಬಿಡು. 31 ವರ್ಷ ಕಾಲೇಜಿನಲ್ಲಿ "ಡೌಟ್ ಇದ್ದರೆ ಕೇಳ್ರಪ್ಪ" ಅನ್ನುತ್ತಿದ್ದೆ. ಕೇಳಿದವರ ಮೇಲೆ ಒಂದೆರಡು ಸಲ ರೇಗಿದ್ದೂ ಇದೆ.

ಇನ್ನೊಮ್ಮೆ ಬರೆಯುವಾಗ, ನಿನಗೆ ಎಳೆ ತಪ್ಪಿದ ಮೊದಲ ಸಾಲು ಯಾವುದು ಅಂತ ಬರೆ. ನನಗೂ ತಿಳಿಯಲಿಕ್ಕಿಲ್ಲ, ಆದರೂ ಬರೆ.

ನಿನ್ನ
ಅತ್ತೆ