ತಲಪರಿಗೆಗೆ ಕಾಂಕ್ರೀಟು ಬೇಡ

ಮಾನ್ಯರೇ,

ಬೇಸಿಗೆ ಬಂತೆಂದರೆ ಹೂಳೆತ್ತುವ ಕಾಮಗಾರಿಯ ಫಲಕಗಳು ತುಮಕೂರು ಜಿಲ್ಲೆಯ ತುಂಬ ಏಳುತ್ತವೆ. ಆ ಪಟ್ಟಿಯಲ್ಲಿ ತಲಪರಿಗೆಯೂ ಸೇರಿದೆ ಎಂದು ತಿಳಿದಾಗ ಸಂತೋಷಪಡಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯಂಗಳ, ಏರಿಯ ಹಿಂಬದಿಯ ಮರಳು ನೆಲದಲ್ಲಿ ತಾನಾಗಿ ಒಸರುವ ನೀರಿನ ಗುಂಡಿಯೇ ತಲಪರಿಗೆ. ಪಂಪು ಬೇಡ, ಕರೆಂಟು ಬೇಡ; ಕಾಲುವೆ ಬಿಡಿಸಿದರೆ ನೀರು ಇಳಿಜಾರು ಹಿಡಿದು ಗದ್ದೆಗೆ ಹೋಗುತ್ತದೆ. ಕೆರೆ ನೀರು ಮುಗಿದ ಮೇಲೂ ಬೆಳೆ ಕೈಗೆ ಹತ್ತಿಸಿಕೊಟ್ಟದ್ದು ಇದೇ.

ಇದನ್ನು ದುರಸ್ತಿ ಮಾಡುವವರು ಮೊದಲು ಮಾಡುವ ತಪ್ಪು ತಳಕ್ಕೂ ಗೋಡೆಗೂ ಕಾಂಕ್ರೀಟು ಹಾಕುವುದು. ನೀರು ತಳದ ಕಣ್ಣಿನಿಂದ ಮಾತ್ರ ಬರುವುದಿಲ್ಲ, ಸುತ್ತಲಿನ ಮರಳಿನ ಪದರದಿಂದಲೂ ಜಿನುಗುತ್ತದೆ. ಗೋಡೆ ಕಟ್ಟಿದರೆ ಆ ಜಿನುಗು ನಿಲ್ಲುತ್ತದೆ. ಒಳ್ಳೆ ಮಳೆಯಾದ ವರ್ಷ ಗೋಡೆಯ ಹಿಂದೆ ನೀರು ಒತ್ತಿ ಅದೇ ಗೋಡೆ ಬಿರುಕು ಬಿಡುತ್ತದೆ. ದನ ಇಳಿಯುವ ದಾರಿ ಹೋಗುತ್ತದೆ, ಮುಂದಿನ ವರ್ಷ ಹೂಳು ತೆಗೆಯಲು ಮನುಷ್ಯರಿಗೂ ಇಳಿಯಲಾಗದು. ಫಲಕ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಅಳತೆ ಪುಸ್ತಕದಲ್ಲಿ ಬರೆಯಲು ಕಾಂಕ್ರೀಟು ಸುಲಭ ಎಂಬುದಲ್ಲದೆ ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ.

ಎರಡನೆಯದು ಜೆಸಿಬಿ. ಅದರ ಭಾರಕ್ಕೆ ಮರಳು ಅದುಮಿಕೊಳ್ಳುತ್ತದೆ, ಬಕೆಟ್ಟು ಎಳೆದ ಕಡೆಯೆಲ್ಲ ಜೇಡಿ ಮೆತ್ತಿ ಒರತೆಯ ಬಾಯಿ ಮುಚ್ಚುತ್ತದೆ. ಕೆಲಸ ಶುರುವಾಗಬೇಕಾದ್ದು ಕಾಲುವೆಯ ಕೆಳತುದಿಯಿಂದ. ಮೊದಲು ಕಾಲುವೆ ಬಿಡಿಸಿ ನಿಂತ ನೀರು ಹರಿಯಗೊಟ್ಟು, ಆಮೇಲೆ ಜೊಂಡು, ಹೂಳು ತೆಗೆಯುತ್ತ ಮೇಲಕ್ಕೆ ಬರಬೇಕು. ಕಡೆಯ ಒಂದಡಿ ಗುದ್ದಲಿ, ಬಾಂಡಲಿಯದೇ ಕೆಲಸ. ದಪ್ಪ ಮರಳು ಸಿಕ್ಕಿ, ಅದರ ಕಾಳುಗಳು ಅನ್ನದೆಸರು ಕುದ್ದಂತೆ ಮೇಲೆದ್ದು ಬೀಳುವುದು ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ದಡವನ್ನು ನೆಟ್ಟಗೆ ಕಡಿಯದೆ ಒಂದಡಿ ಆಳಕ್ಕೆ ಒಂದೂವರೆ ಅಡಿಯಂತೆ ಇಳಿಜಾರು ಬಿಡಬೇಕು. ಕುಸಿಯುವ ಕಡೆ ಸಿಮೆಂಟಿಲ್ಲದೆ ಕಲ್ಲು ಜೋಡಿಸಿ, ಹಿಂದೆ ಅರ್ಧ ಅಡಿ ಜಲ್ಲಿ ತುಂಬಿದರೆ ನೀರು ಬರುತ್ತದೆ, ಮಣ್ಣು ನಿಲ್ಲುತ್ತದೆ. ತೆಗೆದ ಹೂಳನ್ನು ದಡದ ಮೇಲೆ ಗುಡ್ಡೆ ಹಾಕಿದರೆ ಮುಂಗಾರಿನ ಮೊದಲ ಮಳೆಗೇ ವಾಪಸು ಬರುತ್ತದೆ. ಅದು ಹೊಲಕ್ಕೆ ಹೋಗಲಿ. ಮರಳು ಮಾತ್ರ ಒಂದು ಟ್ರ್ಯಾಕ್ಟರೂ ಆಚೆ ಹೋಗಬಾರದು. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುವುದು ಅದೇ.

ಇನ್ನು ಹಂಚಿಕೆ. ಎಷ್ಟು ನೀರಿದೆ ಎಂದು ಅಳೆಯದೆ ಸರದಿ ಕಟ್ಟಿದರೆ ಜಗಳ ಖಂಡಿತ. ಅಳೆಯುವುದು ಕಷ್ಟವೇನಲ್ಲ. ಕಾಲುವೆಯ ಬಾಯಿಗೆ ಜೇಡಿಮಣ್ಣಿನ ಅಡ್ಡಗಟ್ಟೆ ಹಾಕಿ 3 ಅಂಗುಲದ ಪೈಪು ಇಟ್ಟು, ಅದರ ಕೆಳಗೆ ಗುಂಡಿ ತೋಡಿ ಬಕೆಟ್ಟು ಇಟ್ಟರಾಯಿತು. ಪೈಪಿನ ಸುತ್ತ ಸೋರಿದರೆ ಲೆಕ್ಕ ಕಡಿಮೆ ತೋರುತ್ತದೆ, ಆದ್ದರಿಂದ ಮಣ್ಣು ಚೆನ್ನಾಗಿ ಮೆತ್ತಬೇಕು. 15 ಲೀಟರ್ ಬಕೆಟ್ಟು 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಒಂದು ಎಕರೆಗೆ ಎರಡು ಅಂಗುಲ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಅಂದರೆ ಎಕರೆಗೆ ಐದು ದಿನ, ನಾಲ್ಕು ಎಕರೆಗೆ ಸರದಿ ತಿರುಗಿ ಬರಲು 20 ದಿನ. ಇಷ್ಟು ನೀರಿಗೆ ಬತ್ತದ ಮಾತೇ ಬೇಡ, ರಾಗಿಯೋ ತರಕಾರಿಯೋ ಎಂಬುದು ಸಂಕ್ರಾಂತಿಗೆ ಮುಂಚೆ ಎಲ್ಲರೂ ಕೂತಾಗಲೇ ತೀರ್ಮಾನವಾಗಬೇಕು. ಸಣ್ಣ ಹರಿವನ್ನು ನೇರ ಗದ್ದೆಗೆ ಬಿಟ್ಟರೆ ಕಾಲುವೆಯೇ ಕುಡಿದುಬಿಡುತ್ತದೆ. ರಾತ್ರಿ 12 ಗಂಟೆಗಳ ಕಾಲ ಬರುವ ನೀರನ್ನು ಕಟ್ಟೆಯಲ್ಲಿ ನಿಲ್ಲಿಸಿ ಬೆಳಿಗ್ಗೆ ಒಟ್ಟಿಗೆ ಬಿಡುವುದು ವಾಸಿ. ಮೇಲಿನ ಲೆಕ್ಕಕ್ಕೆ 6 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳದ ಕಟ್ಟೆ ಸಾಕು. ಸರದಿ ನೋಡಿಕೊಳ್ಳುವ ನೀರಗಂಟಿಗೆ ಹಿಂದೆ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಲ್ಲುತ್ತಿತ್ತು. ಕೆಲಸ ಒಂದೇ ಮನೆತನದ ತಲೆಗೆ ಕಟ್ಟಿದ್ದು ಹೋಗಲಿ, ಕೂಲಿ ಹೋಗಬಾರದು.

ತಲಪರಿಗೆಯ ಸುತ್ತ ಎಷ್ಟೋ ಕಡೆ ಹೊಂಗೆ, ಅತ್ತಿ, ನೇರಳೆಯ ತೋಪಿದೆ. ದೇವರ ಹೆಸರಿನಲ್ಲಿ ಅದಕ್ಕೆ ಕೊಡಲಿ ಹಾಕುತ್ತಿರಲಿಲ್ಲ, ದಡ ಉಳಿದದ್ದೂ ಅದರಿಂದಲೇ. ಉಳಿದ ಕಡೆ ಈಗ ಆ ಜಾಗದಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಬುಡ ಸಮೇತ ಕೀಳದೆ ಬರೀ ಕಡಿದರೆ ಮತ್ತೆ ಚಿಗುರುತ್ತದೆ. ಪಕ್ಕದಲ್ಲೇ ಕೊಳವೆಬಾವಿ ಕೊರೆದರಂತೂ ಒರತೆಗೆ ಉಳಿಗಾಲವಿಲ್ಲ.

ತೋಪಿಗೂ ಒರತೆಗೂ ಕಾಗದದ ಬಲ ಕೊಡಲು ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಸಂಪತ್ತನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ಒಂದೊಂದು ತಲಪರಿಗೆಯೂ ಪಾರಂಪರಿಕ ತಾಣವಾಗಬೇಕೆಂದೇನಿಲ್ಲ. ಸರ್ವೆ ನಂಬರು, ತೋಪಿನ ಎಲ್ಲೆ, ನೀರು ಬಳಸುವವರ ಹೆಸರು, ಏಪ್ರಿಲ್‌ನಲ್ಲಿ ಅಳೆದ ಹರಿವು, ಇಷ್ಟು ಆ ದಾಖಲಾತಿಯಲ್ಲಿ ಬರೆದು ಗ್ರಾಮಸಭೆಯ ಮುಂದಿಡಲಿ. ಅಂದಾಜು ಪಟ್ಟಿಗೆ ಎಂಜಿನಿಯರು ಸಹಿ ಹಾಕುವುದು ಅದಾದ ಮೇಲೆ.

— ತಲಪರಿಗೆ ಬಳಕೆದಾರ ರೈತರು, ಮಧುಗಿರಿ ತಾಲ್ಲೂಕು