ಸ್ಟೆಮ್ ಸೆಲ್ ಹೆಸರಲ್ಲಿ ಹೊಲ ಮಾರಬೇಡಿ

ಸಂಪಾದಕರೇ,

ನಮ್ಮ ಅಕ್ಕನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್ ಕೊಟ್ಟರೆ ನಡೆದಾಡುತ್ತಾನೆ ಎಂದು ಒಬ್ಬರು ನಂಬಿಸಿ ಲಕ್ಷಗಟ್ಟಲೆ ಕೇಳಿದರು, ಮಾವ ಸಿಂದಗಿ ಹತ್ತಿರದ ಹೊಲ ಮಾರಲು ಹೊರಟೇಬಿಟ್ಟಿದ್ದರು.

ಸ್ಟೆಮ್ ಸೆಲ್ ಸುಳ್ಳಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಇದ್ದವರಿಗೆ ಅಸ್ಥಿಮಜ್ಜೆ ಕಸಿ ಮಾಡುವುದು ಇದೇ ಜೀವಕೋಶಗಳಿಂದ, ಅದರಿಂದ ಎಷ್ಟೋ ಮಕ್ಕಳು ಬದುಕಿದ್ದಾರೆ. ಆದರೆ ನಮ್ಮ ಹುಡುಗನ ಕಾಯಿಲೆಗೆ ಅದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ ಮತ್ತು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಪ್ರಯೋಗಕ್ಕೆ ಸೇರಿದ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತೆಯೇ ಇಲ್ಲ. ಇದು ಹಳ್ಳಿಯ ತಾಯಂದಿರಿಗೆ ಗೊತ್ತಾಗಬೇಕು ಅಲ್ವಾ? ಜಿಲ್ಲಾ ಆಸ್ಪತ್ರೆಯ ಗೋಡೆ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

– ಓದುಗ, ವಿಜಯಪುರ