ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ತೋಚಲೇ ಇಲ್ಲ. ಹೋದ ಜುಲೈಯಲ್ಲಿ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ, ಹೊಲಿಗೆ ಮೆಷಿನ್ನಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕೂತಿದ್ದವಳು ನಾನೇ. ರಿಪೇರಿಗೆ ಒಯ್ದ ಕಡೆ "ಇದು ಗುಜರಿಗೇ ಸರಿ" ಅಂದಿದ್ದರು.

ತೀರ್ಥಹಳ್ಳಿ ಕಡೆ ನಮ್ಮೂರಿನ ಚರ್ಚಿನಲ್ಲಿ ಹೊಲಿಗೆ ಕೇಂದ್ರ ಇದೆ. ನಾವು ಹೊಲಿದ ಬಟ್ಟೆ ಚೀಲಗಳನ್ನು ಹೊರದೇಶದ ಒಂದು ಕ್ರೈಸ್ತ ಸೇವಾಸಂಸ್ಥೆ ಕೊಂಡು ಅಲ್ಲಿ ಮಾರುತ್ತದೆ. ಅದು ದಾನ ಅಲ್ಲ, ನಮ್ಮ ದುಡಿಮೆಯ ದುಡ್ಡು. ನಮ್ಮದು ಯಾವ ಧರ್ಮ ಅಂತ ಅಲ್ಲಿ ಯಾರೂ ಕೇಳಿಲ್ಲ. ಅಡಿಕೆ ಸುಲಿಯುವ ಕೆಲಸ ಇಲ್ಲದ ಮಳೆಗಾಲದಲ್ಲಿ ನಮಗೆ ಅದೇ ಆಧಾರ.

ನೀವು ಬೆಂಚಿನ ಮೇಲೇ ಪೇಪರ್ ಹಾಸಿ ಮೆಷಿನ್ ಮಗುಚಿದಿರಿ. ಒಳಗೆ ಬೆರಳಾಡಿಸಿ, ಮೂಸಿ ನೋಡಿ, "ತೆಂಗಿನೆಣ್ಣೆ ಬಿಟ್ಟಿದೀರಲ್ವಾ ತಂಗಿ?" ಅಂದಿರಿ. ಹೌದು, ನಮ್ಮ ಕಡೆಯ ಥಂಡಿಗೆ ತುಕ್ಕು ಹಿಡಿಯದಿರಲಿ ಅಂತ ನಾವೇ ಬಿಟ್ಟಿದ್ದೆವು. ಅದು ಅಂಟಾಗಿ ಕೂತುಬಿಟ್ಟಿತ್ತು. ಎಲ್ಲಿಂದಲೋ ಸ್ವಲ್ಪ ಸೀಮೆಎಣ್ಣೆ ತಂದು ಒಂದೊಂದು ತೂತಿಗೂ ಹನಿಸಿದಿರಿ. ಚಕ್ರವನ್ನು ಹಿಂದೆ ಮುಂದೆ ಆಡಿಸಿದಿರಿ. ಕಪ್ಪು ಜಿಡ್ಡು ಇಳಿಯಿತು. ಬಾಬಿನ್ ಕೇಸಿನ ಹಿಂದೆ ಸಿಕ್ಕಿಕೊಂಡಿದ್ದ ದಾರದ ಉಂಡೆಯನ್ನು ಸೂಜಿಯಿಂದ ಎಳೆದು ತೆಗೆದಿರಿ. ಆಮೇಲೆ ಮೆಷಿನ್ ಎಣ್ಣೆ, ಎರಡೆರಡೇ ಹನಿ. ಚಕ್ರ ಸದ್ದಿಲ್ಲದೆ ತಿರುಗಿದಾಗ ನನಗೆ ಅಳುವೇ ಬಂತು.

ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ನಿಮ್ಮ ಬಸ್ಸೂ ಆಗಲೇ ಹೋಗಿಬಿಟ್ಟಿತ್ತು.

ಆ ಮೆಷಿನ್ನಿನಲ್ಲಿ ಈಗ ಇಬ್ಬರು ಸರದಿ ಮೇಲೆ ಹೊಲಿಯುತ್ತೇವೆ. ತೆಂಗಿನೆಣ್ಣೆ ಬಾಟಲಿ ಅಡುಗೆಮನೆಗೆ ವಾಪಸ್ ಹೋಯಿತು. ತುಂಬಾ ಥ್ಯಾಂಕ್ಸ್ ಅಣ್ಣಾ. ನಮ್ಮ ಕಡೆ ಬಂದರೆ ಊಟ ಮಾಡದೆ ಹೋಗಬಾರದು.